ಅಜ್ಜಿಯ ಕಾಟಕಾಯಿ, ದೊಡ್ಡಪ್ಪನ ಸಮರ

ಚಿಕ್ಕವರಿದ್ದಾಗ ನಾನೂ ನನ್ನ ತಮ್ಮನೂ ಸೇರಿದರೆ ಮನೆ ಮನೆಯಾಗಿ ಉಳಿಯುತ್ತಿರಲಿಲ್ಲ. ಪುಸ್ತಕ ಜಗಲಿಯಲ್ಲಿ, ಚಾಪೆ ಅಂಗಳದಲ್ಲಿ, ಒಣಗಲು ಹಾಕಿದ ಅಡಿಕೆಯ ಮೇಲೆ ನಮ್ಮ ಓಟ. ಆಗೆಲ್ಲ ಅಜ್ಜಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: 'ಏನಿದು, ಕಲ್ಯಾಣಪ್ಪನ ಕಾಟಕಾಯಿ ಶುರುವಾಯ್ತಾ?'

ಕಲ್ಯಾಣಪ್ಪ ಯಾರೆಂದು ನಾವು ಕೇಳಿದ್ದಿಲ್ಲ. ಗುಮ್ಮ ಯಾರೆಂದು ಯಾರಾದರೂ ಕೇಳುತ್ತಾರೆಯೇ? ಕಾಟಕಾಯಿ ಎಂದರೆ ನಮ್ಮ ಮನೆಯ ಮಟ್ಟಿಗೆ ಲೂಟಿ, ದಾಂದಲೆ, ಎಲ್ಲವೂ ಚೆಲ್ಲಾಪಿಲ್ಲಿ. ಅಷ್ಟು ಗೊತ್ತಿದ್ದರೆ ಸಾಕಿತ್ತು.

2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣವಾಯಿತು. ನಾನಾಗ ಪಿಯುಸಿ. ನಮ್ಮ ಕುಟುಂಬದಿಂದಲೂ ಒಂದು ಜೀಪು ತುಂಬ ಜನ ಹೋಗಿದ್ದರು. ರಾತ್ರಿ ವಾಪಸು ಬಂದ ದೊಡ್ಡಪ್ಪ ಜಗಲಿಯಲ್ಲಿ ಕೂತು ಹೆಮ್ಮೆಯಿಂದ ಹೇಳುತ್ತಿದ್ದರು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲೇ ನಮ್ಮ ಸುಳ್ಯದವರು ಬ್ರಿಟಿಷರನ್ನು ಮಂಗಳೂರಿನಿಂದ ಓಡಿಸಿದ್ದರು, ಅದು ದೇಶದ ಮೊದಲ ಸ್ವಾತಂತ್ರ್ಯ ಸಮರ, ರಾಮಯ್ಯ ಗೌಡರು, ಕಲ್ಯಾಣಸ್ವಾಮಿ...

ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಅಜ್ಜಿ ತಲೆ ಎತ್ತಿ, 'ಯಾರು, ಆ ಕಾಟಕಾಯಿಯ ಕಲ್ಯಾಣಪ್ಪನಾ?' ಅಂದಳು.

ಜಗಲಿ ಒಂದು ಕ್ಷಣ ತಣ್ಣಗಾಯಿತು. ಬಿಎಯಲ್ಲಿ ನಾನು ಚರಿತ್ರೆ ತೆಗೆದುಕೊಳ್ಳಲು ಆ ಒಂದು ಕ್ಷಣವೇ ಕಾರಣ ಎಂದು ನೆಂಟರ ಮುಂದೆ ಹೇಳುತ್ತಿರುತ್ತೇನೆ. (ನಿಜ ಹೇಳಬೇಕೆಂದರೆ ವಿಜ್ಞಾನದಲ್ಲಿ ಮಾರ್ಕ್ಸ್ ಕಮ್ಮಿ ಬಂದದ್ದೂ ಒಂದು ಕಾರಣ.)

ಕತೆ ಗೊತ್ತಿಲ್ಲದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಹಾಲೇರಿ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳಿಸಿತು. ಅಲ್ಲಿಯವರೆಗೆ ಘಟ್ಟದ ಕೆಳಗಿನ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಯ ಹಲವು ಗ್ರಾಮಗಳೂ ಕೊಡಗಿನ ಅರಸರ ಕೈಕೆಳಗಿದ್ದವು. ಕಂಪನಿ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಗಡಿ ಬದಲಾದದ್ದು ರೈತನಿಗೆ ನಕಾಶೆಯಿಂದ ಗೊತ್ತಾಗಲಿಲ್ಲ, ಕಂದಾಯದಿಂದ ಗೊತ್ತಾಯಿತು. ಅರಸರ ಕಾಲದಲ್ಲಿ ಬೆಳೆದದ್ದರಲ್ಲೇ ಒಂದು ಪಾಲು ಅಳೆದುಕೊಟ್ಟರೆ ಮುಗಿಯುತ್ತಿತ್ತು. ಈಗ ನಗದು ಬೇಕು. ನಗದು ಇದ್ದದ್ದು ಸಾಲ ಕೊಡುವವನ ಹತ್ತಿರ. ಕೊಯ್ಲು ಮುಗಿದ ಕೂಡಲೇ ಊರಿಗೆ ಊರೇ ಭತ್ತ ಮಾರಲು ನಿಂತರೆ ಬೆಲೆ ಏನಾಗುತ್ತದೆಂದು ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಪಾಠ ಮಾಡಬೇಕಿಲ್ಲ.

1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಜನ ಎದ್ದರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ದಂಡಿನ ಮುಂದೆ ನಿಲ್ಲಲು ಒಬ್ಬ ಅರಸ ಬೇಕಿತ್ತು. ಹಾಲೇರಿ ವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಎಂಬವನು ಆಗಲೇ ಕಂಪನಿಯ ಕೈಗೆ ಸಿಕ್ಕಿಬಿದ್ದಿದ್ದ. ಹಾಗಾಗಿ ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ಎಂಬ ರೈತನೇ ಕಲ್ಯಾಣಸ್ವಾಮಿಯಾದ. ಕಂದಾಯ ಬಿಡುವ ಭರವಸೆ ಕೊಡುವ ನಿರೂಪಗಳು ಅವನ ಹೆಸರಿನಲ್ಲಿ ಊರೂರಿಗೆ ಹೋದವು. ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟುವಷ್ಟರಲ್ಲಿ ದೊಡ್ಡದಾಯಿತು. ಅದರಲ್ಲಿ ಗೌಡರಷ್ಟೇ ಇರಲಿಲ್ಲ. ನಂದಾವರದ ಲಕ್ಷ್ಮಪ್ಪ ಬಂಗರಸ ಇದ್ದ, ಉಪ್ಪಿನಂಗಡಿಯ ಮಂಜ ಇದ್ದ, ಹೆಸರು ಉಳಿಯದ ಎಷ್ಟೋ ಜನ ಇದ್ದರು. ಏಪ್ರಿಲ್ 5ಕ್ಕೆ ಮಂಗಳೂರು. ಕಚೇರಿಗಳು ಸುಟ್ಟವು, ಜೈಲಿನ ಬಾಗಿಲು ತೆರೆಯಿತು, ಗುಡ್ಡದ ಮೇಲೆ ಬಾವುಟ ಏರಿತು. ಬಾವುಟಗುಡ್ಡೆ ಎಂಬ ಹೆಸರು ಬಂದದ್ದೇ ಹಾಗೆ ಎಂದು ನಮ್ಮ ಕಡೆ ಹೇಳುತ್ತಾರೆ.

ಸುಮಾರು ಎರಡು ವಾರ ಮಂಗಳೂರಿನಲ್ಲಿ ಕಂಪನಿಯ ಆಳ್ವಿಕೆ ಇರಲಿಲ್ಲ. ಆಮೇಲೆ ಕಣ್ಣೂರಿನಿಂದ ಪಡೆ ಬಂತು. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ.

ಇಷ್ಟರ ಬಗ್ಗೆ ದೊಡ್ಡ ಜಗಳವಿಲ್ಲ. ಜಗಳ ಇರುವುದು ಇದನ್ನು ಏನೆಂದು ಕರೆಯಬೇಕು ಎನ್ನುವುದರಲ್ಲಿ.

ಎರಡನೇ ವರ್ಷದಲ್ಲಿ ನಮ್ಮ ಚರಿತ್ರೆ ಮೇಡಂ ಪ್ರಾದೇಶಿಕ ಚರಿತ್ರೆಯ ಮೇಲೆ ಪ್ರಾಜೆಕ್ಟ್ ಕೊಟ್ಟರು. ನಾನು ಹಿಂದೆಮುಂದೆ ನೋಡದೆ ಇದನ್ನೇ ಆರಿಸಿಕೊಂಡೆ. 'ದೇಶದ ಮೊದಲ ಸ್ವಾತಂತ್ರ್ಯ ಸಮರ: ಅಮರ ಸುಳ್ಯ' ಎಂದು ದಪ್ಪಕ್ಷರದಲ್ಲಿ ಶೀರ್ಷಿಕೆ ಬರೆದು ತೋರಿಸಿದೆ. ಮೇಡಂ ಓದಿ, 'ಉತ್ತರ ಮೊದಲೇ ಬರೆದಿದ್ದೀಯಲ್ಲ, ಇನ್ನು ಹುಡುಕುವುದು ಏನನ್ನು?' ಎಂದು ಕೇಳಿದರು. ಮುಖ ಕೆಂಪಾಯಿತು. 'ಮೊದಲು ಇದಕ್ಕೆ ಯಾರು ಯಾರು ಏನೇನು ಹೆಸರಿಟ್ಟಿದ್ದಾರೆ, ಯಾವಾಗ ಇಟ್ಟರು, ಪಟ್ಟಿ ಮಾಡಿಕೊಂಡು ಬಾ' ಎಂದರು.

ಮೊದಲ ಹೆಸರು ಗೆದ್ದವರದು. ಕಂಪನಿಯ ಕಾಗದಗಳಲ್ಲಿ ಇದು ದಂಗೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ 'ಕೂರ್ಗ್ ಮೆಮಾಯರ್ಸ್' ಪುಸ್ತಕದಲ್ಲೂ ಇದು ದಂಗೆಯೇ. ಕನ್ನಡಕ್ಕೆ ಅಷ್ಟು ಉಪಕಾರ ಮಾಡಿದವರು ನಮ್ಮವರನ್ನು ದಂಗೆಕೋರರೆಂದು ಬರೆದರಲ್ಲ ಎಂದು ಬೇಸರವಾಯಿತು. ಆದರೆ ನಗದು ಕಂದಾಯದಿಂದ ರೈತರು ಪಟ್ಟ ಪಾಡು ದಾಖಲಾಗಿರುವುದೂ ಆ ಕಾಲದ ಇಂಗ್ಲಿಷ್ ಬರಹಗಳಲ್ಲೇ. ಇಂದು ದೊಡ್ಡಪ್ಪ ಭಾಷಣದಲ್ಲಿ ಹೇಳುವ ಕಾರಣವನ್ನು ಅಂದು ಬರೆದಿಟ್ಟವರು ದೊಡ್ಡಪ್ಪ ಬೈಯುವ ಮಂದಿ.

ಈ ಹುಡುಕಾಟದಲ್ಲಿ ನನಗೆ ನಿದ್ದೆ ಬಾರದಂತೆ ಮಾಡಿದ್ದು ಒಂದು ಪದಕದ ಫೋಟೋ. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕಗಳನ್ನು ಕೊಟ್ಟಿತ್ತು. ಒಂದು ಬದಿಯಲ್ಲಿ ಇಂಗ್ಲಿಷ್. ಇನ್ನೊಂದು ಬದಿಯಲ್ಲಿ ಕೊಡವ ಯೋಧನ ಚಿತ್ರ, ಅದರ ಸುತ್ತ ಬರಹ ಕನ್ನಡದಲ್ಲಿ! 1837ರ ಏಪ್ರಿಲ್‌ನಲ್ಲಿ ನಿಷ್ಠೆ ತೋರಿದ್ದಕ್ಕೆ ಕೊಟ್ಟ ಗುರುತು ಎನ್ನುವ ಅರ್ಥದ ಮಾತು. ದಿವಾನ ಅಪ್ಪಾರಂಡ ಬೋಪು ಅವರಂಥವರು ಕಂಪನಿಯ ಪರ ನಿಂತಿದ್ದರು. ಅಂದರೆ 'ನಮ್ಮವರು' ಬ್ರಿಟಿಷರ ವಿರುದ್ಧ ಹೋರಾಡಿದರು ಎನ್ನುವ ವಾಕ್ಯದಲ್ಲಿ 'ನಮ್ಮವರು' ಎನ್ನುವ ಪದವೇ ಸಡಿಲ. ಅರಸನ ಆಡಳಿತದಲ್ಲಿ ನೊಂದವರಿಗೆ ಕಂಪನಿ ಬಿಡುಗಡೆಯಾಗಿ ಕಂಡಿರಬಹುದು. ಘಟ್ಟದ ಕೆಳಗೆ ನಗದಿಗೆ ಪರದಾಡುತ್ತಿದ್ದವನಿಗೆ ಅದೇ ಅರಸನ ಕಾಲ ಸುಖದ ಕಾಲವಾಗಿ ಕಂಡಿತು.

ಗೆದ್ದವರ ಕಾಗದದಲ್ಲಿ ಸೋತವರನ್ನು ಹುಡುಕುವುದು ಹೇಗೆ? ಅದಕ್ಕೆ ಮೇಡಂ ರಣಜಿತ್ ಗುಹಾ ಅವರ ಹೆಸರು ಹೇಳಿದರು. ವಸಾಹತು ಕಾಲದ ರೈತ ಬಂಡಾಯಗಳ ಬಗ್ಗೆ ಅವರು 1983ರಲ್ಲಿ ಪುಸ್ತಕ ಬರೆದವರು. ಅವರ ಉಪಾಯ ಕೇಳಲು ಸುಲಭ, ಮಾಡಲು ಕಷ್ಟ. ಅಧಿಕಾರಿಯ ವರದಿಯನ್ನು ತಿರುವಿ ಹಾಕಿ ಓದುವುದು. ಅವನು 'ಪುಂಡರು' ಎಂದು ಬರೆದಲ್ಲಿ ಎದುರು ನಿಂತ ರೈತರು ಕಾಣಬಹುದು, 'ಊರೆಲ್ಲ ಕೆಟ್ಟುಹೋಗಿದೆ' ಎಂದು ಬರೆದಲ್ಲಿ ಊರವರು ಒಟ್ಟಾದದ್ದು ಕಾಣಬಹುದು. ಕಚೇರಿ ಸುಟ್ಟದ್ದನ್ನೇ ನೋಡಿ. ವರದಿ ಬರೆಯುವವನಿಗೆ ಅದು ಬರೀ ನಾಶ. ಆದರೆ ಯಾರ ಮೇಲೆ ಎಷ್ಟು ಕಂದಾಯ ಬಾಕಿ ಎನ್ನುವ ಲೆಕ್ಕ ಇರುವುದು ಕಚೇರಿಯಲ್ಲೇ ಅಲ್ಲವೇ? ಬೆಂಕಿ ಇಟ್ಟವರಿಗೆ ತಾವು ಏನನ್ನು ಸುಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿದ್ದಿರಬೇಕು. ಹೀಗೆ ಓದಲು ಕಲಿತ ಮೇಲೆ ನನಗೆ ಒಂದು ವಾರ ಪೇಪರಿನ ಪೊಲೀಸ್ ಸುದ್ದಿಗಳನ್ನೂ ಸುಮ್ಮನೆ ಓದಲಾಗಲಿಲ್ಲ.

'ಸ್ವಾತಂತ್ರ್ಯ ಸಮರ' ಎನ್ನುವ ಹೆಸರು ಬಹಳ ಆಮೇಲಿನದು. ಬಂದ ದಾರಿ ನೋಡಿದರೆ 1857ರದ್ದೇ ದಾರಿ. ಬ್ರಿಟಿಷರು ಸಿಪಾಯಿ ದಂಗೆ ಎಂದದ್ದನ್ನು ಸಾವರ್ಕರ್ 1909ರಲ್ಲಿ ಸ್ವಾತಂತ್ರ್ಯ ಸಮರ ಎಂದು ಕರೆದು ಪುಸ್ತಕ ಬರೆದರು, ಸರಕಾರ ಅದನ್ನು ನಿಷೇಧಿಸಿತು. 1957ರಲ್ಲಿ ಶತಮಾನೋತ್ಸವ ಬಂದಾಗ ಭಾರತ ಸರಕಾರ ಸುರೇಂದ್ರನಾಥ ಸೇನ್ ಅವರಿಂದ ಚರಿತ್ರೆ ಬರೆಸಿತು. ಅದೇ ವರ್ಷ ಆರ್.ಸಿ. ಮಜುಂದಾರ್ ತಮ್ಮದೇ ಪುಸ್ತಕ ತಂದು, ಅದು ರಾಷ್ಟ್ರೀಯ ಸಮರ ಎನ್ನುವುದನ್ನೇ ಒಪ್ಪಲಿಲ್ಲ. ಇಬ್ಬರೂ ಭಾರತೀಯರು, ಇಬ್ಬರೂ ವಿದ್ವಾಂಸರು, ಅದೇ ವರ್ಷ! ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯುವಾಗ ಇದು ತಲೆನೋವು. ಆದರೆ ನನಗೆ ಇದರಿಂದ ಧೈರ್ಯ ಬಂತು. ಸಾಕ್ಷಿ ಮುಂದಿಟ್ಟುಕೊಂಡು ಹೆಸರನ್ನು ಪ್ರಶ್ನಿಸಿದವರು ದೇಶದ್ರೋಹಿಗಳೇನೂ ಆಗಲಿಲ್ಲ.

ನಮ್ಮ ದಂಗೆಯ ಪಾಲಿಗೂ ಮರುಬರವಣಿಗೆ ಒಳ್ಳೆಯದನ್ನೇ ಮಾಡಿದೆ. ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆಯದಿದ್ದರೆ, ಆಮೇಲಿನ ಸಂಶೋಧಕರು ಇದನ್ನು ರೈತರ ಹೋರಾಟವೆಂದು ಓದದಿದ್ದರೆ, ನೇಣಿಗೇರಿದವರು ಕಡತದಲ್ಲಿ ದರೋಡೆಕೋರರಾಗಿಯೇ ಉಳಿಯುತ್ತಿದ್ದರು. ಆದರೂ ನನಗೆ ಒಂದು ವಿಷಯ ಚುಚ್ಚುತ್ತದೆ. ಬಾವುಟಗುಡ್ಡೆಯಲ್ಲಿ ಹಾರಿದ್ದು ಹಾಲೇರಿ ಅರಸರ ಬಾವುಟ ಎನ್ನುತ್ತಾರೆ. ಅವರು ಕೇಳಿದ್ದು ಹಳೆಯ ಅರಸನನ್ನು, ಹಳೆಯ ಕಂದಾಯವನ್ನು. ಭಾರತ ಎನ್ನುವ ದೇಶಕ್ಕಾಗಿ ಪುಟ್ಟಬಸಪ್ಪ ನೇಣಿಗೇರಿದ ಎಂದರೆ ಅವನಿಗೆ ನಾವು ನಮ್ಮ ಅಂಗಿ ತೊಡಿಸಿದಂತೆ. ಅವನ ಧೈರ್ಯ ಅದರಿಂದ ಕಮ್ಮಿಯಾಗುವುದಿಲ್ಲ. ಬೇರೊಬ್ಬನ ಹೆಸರು ಹೊತ್ತು, ಆ ಹೆಸರಿಗಾಗಿಯೇ ಸತ್ತವನು ಅವನು.

ಇಷ್ಟರವರೆಗೆ ಇದು ಪ್ರಾಜೆಕ್ಟ್. ಆಮೇಲೆ ಮನೆಗೆ ಬಂತು.

ನಮ್ಮ ಕುಟುಂಬದ ಮನೆಯ ಜೀರ್ಣೋದ್ಧಾರ ಮುಗಿದು ದೈವದ ನೇಮ ನಿಗದಿಯಾಯಿತು. ಸ್ಮರಣ ಸಂಚಿಕೆ ತರಬೇಕೆಂದು ತೀರ್ಮಾನವಾಯಿತು. ದೊಡ್ಡಪ್ಪ ನನ್ನನ್ನು ಕರೆದು, 'ಮನೆತನದ ಚರಿತ್ರೆ ನೀನೇ ಬರಿ. ಚರಿತ್ರೆ ಓದುವವಳು ನೀನೊಬ್ಬಳೇ ಇರುವುದು' ಎಂದರು. ಖುಷಿಯಾಯಿತು. ಅವರು ಮುಂದುವರಿಸಿದರು: 'ನಮ್ಮ ಹಿರಿಯರು 37ರಲ್ಲಿ ರಾಮಯ್ಯ ಗೌಡರ ದಂಡಿನಲ್ಲಿ ಮಂಗಳೂರಿಗೆ ಹೋಗಿದ್ದರು ಅಂತ ಮೊದಲ ಪುಟದಲ್ಲೇ ಬರಬೇಕು.'

'ಯಾರು ಹೋಗಿದ್ದು ದೊಡ್ಡಪ್ಪ? ಹೆಸರು?'

'ಹೆಸರು ಎಲ್ಲಿ ಸಿಗುತ್ತದೆ? ಹೋಗದೆ ಇರುತ್ತಾರಾ? ದೈವದ ಕೋಣೆಯಲ್ಲಿ ಕತ್ತಿ ಇಲ್ಲವಾ?'

ಆ ಕತ್ತಿ ದೈವದ ಕಡ್ಸಲೆ. ನೇಮದ ದಿನ ಬಿಟ್ಟರೆ ಅದು ಹೊಸಿಲು ದಾಟಿದ್ದನ್ನು ನಾನು ಕಂಡಿಲ್ಲ. ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಸಿಟ್ಟು ಬಂತು. 'ಊರಲ್ಲಿ ಎಲ್ಲ ಮನೆಯವರೂ ಹೇಳಿಕೊಳ್ಳುತ್ತಾರೆ. ನಾವು ಮಾತ್ರ ಸುಮ್ಮನೆ ಕೂರಬೇಕಾ? ನೀನು ಓದಿದ್ದು ಇದಕ್ಕಾ?'

ನನ್ನ ಕೈಯಲ್ಲೂ ಒಂದು ಅಸ್ತ್ರ ಇತ್ತು. ಪ್ರಾಜೆಕ್ಟ್ ಸಲುವಾಗಿ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅಜ್ಜಿ ಅರೆಭಾಷೆಯಲ್ಲಿ ಹೇಳಿದ್ದು ಹೀಗೆ. ಕಲ್ಯಾಣಪ್ಪನ ಜನ ಬರುತ್ತಾರೆಂದು ಸುದ್ದಿಯಾಯಿತು. ಬಂದರೆ ಅಕ್ಕಿ ಕೇಳುತ್ತಾರೆ, ಗಂಡಸರನ್ನು ಕರೆಯುತ್ತಾರೆ. ಮನೆಯ ಯಜಮಾನ ಎರಡು ಮುಡಿ ಅಕ್ಕಿಯನ್ನು ಜಗಲಿಯಲ್ಲಿ ಇಟ್ಟ, ಉಳಿದದ್ದನ್ನು ಬೈಹುಲ್ಲಿನ ಕೆಳಗೆ ಮುಚ್ಚಿದ, ಹೆಂಗಸರು ಮಕ್ಕಳನ್ನು ಕರೆದುಕೊಂಡು ಕಾಡು ಸೇರಿದ. ಮಗು ಅಳದಂತೆ ಬಾಯಿಗೆ ಬೆಲ್ಲದ ತುಂಡು ಇಟ್ಟಿದ್ದರಂತೆ. ಮೂರು ರಾತ್ರಿ ಕಳೆದು ಬಂದಾಗ ಜಗಲಿಯ ಅಕ್ಕಿ ಇರಲಿಲ್ಲ, ಬೈಹುಲ್ಲಿನ ಕೆಳಗಿನದು ಇತ್ತು. ಹತ್ತು ಹದಿನೈದು ದಿನ ಬಿಟ್ಟು ಕುಂಪಣಿಯವರು ಬಂದರು. ಅವರು ಬೈಹುಲ್ಲನ್ನೂ ಬಿಡಲಿಲ್ಲ.

ಎಷ್ಟು ಸಲ ಕೇಳಿದರೂ ಆ ಕೊನೆಯ ಮಾತಿಗೆ ನನ್ನ ಮೈ ಜುಮ್ಮೆನ್ನುತ್ತದೆ. ನಮ್ಮ ಹಿರಿಯ ವೀರನೂ ಅಲ್ಲ, ದ್ರೋಹಿಯೂ ಅಲ್ಲ. ಎರಡು ಕಡೆಯವರಿಗೂ ಅಕ್ಕಿ ಕಳೆದುಕೊಂಡ ಒಬ್ಬ ರೈತ. ಸ್ಮರಣ ಸಂಚಿಕೆಯಲ್ಲಿ ಇದನ್ನೇ ಬರೆಯುತ್ತೇನೆಂದು ಹಟ ಹಿಡಿದೆ. ಗುಹಾ, ಮಜುಂದಾರ್ ಎಲ್ಲ ನನ್ನ ಹಿಂದೆ ನಿಂತಂತೆ ಅನಿಸಿತು.

ರೆಕಾರ್ಡಿಂಗನ್ನು ಮೇಡಂಗೆ ಕೇಳಿಸಿದೆ. ಮೆಚ್ಚಿಕೊಂಡರು. ಆಮೇಲೆ, 'ಅಜ್ಜಿಗೆ ಇದನ್ನು ಹೇಳಿದವರು ಯಾರು?' ಎಂದು ಕೇಳಿದರು. ನಾನು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಕೇಳಿಯೇ ಇರಲಿಲ್ಲ.

ಸಂಜೆ ಅಜ್ಜಿಯ ಹತ್ತಿರ ಕೂತು ಕೇಳಿದೆ.

'ನನಗಾ? ನನ್ನ ಅಜ್ಜಿ ಹೇಳಿದ್ದು.'

'ಅವರು ಯಾವ ಮನೆಯವರು?'

'ನನ್ನ ತವರಿನ ಅಜ್ಜಿ ಮಾರಾಯ್ತಿ. ಈ ಮನೆಗೆ ನಾನು ಬಂದದ್ದು ಮದುವೆಯಾಗಿ ಅಲ್ವಾ? ನಿನ್ನ ಅಜ್ಜನ ಕಡೆಯವರು ಆಗ ಏನು ಮಾಡಿದ್ರೋ ನನಗೆಂತ ಗೊತ್ತು!'

ಕತೆ ನಮ್ಮ ಮನೆಯದ್ದೇ ಅಲ್ಲ. ಹೊಳೆಯಾಚೆಯ ಊರಿನದು. ನನ್ನ ಅಸ್ತ್ರ ನನ್ನ ಕೈಯಲ್ಲೇ ಮುರಿಯಿತು. ದೊಡ್ಡಪ್ಪ ಪ್ರತಿಮೆಯ ಬಿಸಿಯಲ್ಲಿ ಒಬ್ಬ ಯೋಧನನ್ನು ಮಾಡಿಕೊಂಡರೆ, ನಾನು ಪುಸ್ತಕದ ಬಿಸಿಯಲ್ಲಿ ಒಬ್ಬ ಬಡಪಾಯಿ ರೈತನನ್ನು ನಮ್ಮ ಜಗಲಿಗೆ ತಂದು ಕೂರಿಸಿದ್ದೆ. ಇಬ್ಬರಿಗೂ ಬೇಕಾದ ಹಿರಿಯ ಇಬ್ಬರಿಗೂ ಸಿಕ್ಕಿದ್ದ. ಆಮೇಲೆ ಇನ್ನೂ ಅನುಮಾನಗಳು ಶುರುವಾದವು. ಮೂರು ರಾತ್ರಿ ಎಂದರೆ ನಿಜವಾಗಿ ಮೂರೇ, ಅಥವಾ ಕತೆ ಹೇಳುವವರಿಗೆ ಮೂರು ಇಷ್ಟ ಎಂದೋ? ಹತ್ತು ಹದಿನೈದು ದಿನ ಎನ್ನುವುದು ಮಂಗಳೂರಿನ ಆ ಎರಡು ವಾರಕ್ಕೆ ಸರಿಯಾಗಿ ಕೂಡುತ್ತದಲ್ಲ, ಅದು ನೆನಪೋ ಅಥವಾ ಯಾರೋ ಆಮೇಲೆ ಸೇರಿಸಿದ್ದೋ? ನೂರ ಎಂಬತ್ತಕ್ಕೂ ಹೆಚ್ಚು ವರ್ಷ ಬಾಯಿಂದ ಬಾಯಿಗೆ ಬಂದ ಮಾತು. ಹಾಗೆಂದು ಬಿಸಾಡಲೂ ಆಗುವುದಿಲ್ಲ. ಆ ಭಯ ಸುಳ್ಳಾಗಿದ್ದರೆ ಕಾಟಕಾಯಿ ಎನ್ನುವ ಪದ ನಮ್ಮ ಅಡುಗೆಮನೆಯವರೆಗೆ ಬರುತ್ತಲೇ ಇರಲಿಲ್ಲ.

ಮೊದಲ ಪುಟದ ಆ ಒಂದು ವಾಕ್ಯಕ್ಕೆ ನಾನೂ ದೊಡ್ಡಪ್ಪನೂ ನಾಲ್ಕು ದಿನ ಗುದ್ದಾಡಿದೆವು. 'ಹೋರಾಡಿದರು' ಎಂದು ಅವರು. ಸಾಕ್ಷಿ ಇಲ್ಲ ಎಂದು ನಾನು. 'ಹೋರಾಡಿರಬೇಕು' ಎಂದರು. ನಾನು 'ಹೋರಾಡಿರಬಹುದು' ಎಂದೆ. ಹಾಗೆ ಬರೆದರೆ ಮರ್ಯಾದೆ ಏನು ಉಳಿಯಿತು ಎಂದರು. ಕೊನೆಗೆ ಅಚ್ಚಾದದ್ದು: 'ನಮ್ಮ ಪೂರ್ವಜರು 1837ರ ಹೋರಾಟದಲ್ಲಿ ಪಾಲ್ಗೊಂಡಿದ್ದರೆಂದು ಹಿರಿಯರು ಹೇಳುತ್ತಾರೆ.' ಇದು ಸುಳ್ಳಲ್ಲ. ಹೇಳುವ ಹಿರಿಯರು ದೊಡ್ಡಪ್ಪ ಒಬ್ಬರೇ ಎನ್ನುವುದು ಬೇರೆ ಮಾತು. ಬದಲಿಗೆ ನಾನು ಒಂದು ಪುಟ ಗಿಟ್ಟಿಸಿಕೊಂಡೆ. 'ಅಜ್ಜಿಯ ತವರಿನಿಂದ' ಎಂದು ತಲೆಬರಹ ಕೊಟ್ಟು, ಯಾರು ಯಾರಿಗೆ ಹೇಳಿದ್ದೆಂದು ಸ್ಪಷ್ಟವಾಗಿ ಬರೆದು, ಅಕ್ಕಿಮುಡಿಯ ಕತೆ ಹಾಕಿದೆ.

ನೇಮ ಕಳೆದು ಒಂದು ತಿಂಗಳಾಗಿರಲಿಲ್ಲ. ಎಂಟನೇ ಕ್ಲಾಸಿನ ಚಿಕ್ಕಪ್ಪನ ಮಗ ಶಾಲೆಗೆ 'ನನ್ನ ಕುಟುಂಬ' ಎಂಬ ಪ್ರಬಂಧ ಬರೆಯುತ್ತಿದ್ದ. ಪಕ್ಕದಲ್ಲಿ ಸ್ಮರಣ ಸಂಚಿಕೆ ತೆರೆದಿತ್ತು. ಇಣುಕಿ ನೋಡಿದೆ. 'ನಮ್ಮ ಪೂರ್ವಜರು 1837ರ ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡಿದ್ದರು' ಎಂದು ಚೆಂದದ ಅಕ್ಷರದಲ್ಲಿ ಬರೆದಿದ್ದ. 'ಹಿರಿಯರು ಹೇಳುತ್ತಾರೆ ಅಂತ ಇತ್ತಲ್ಲೋ?' ಎಂದರೆ, 'ಜಾಗ ಸಾಲಲಿಲ್ಲ ಅಕ್ಕ' ಎಂದ.

ಅಂದು ರಾತ್ರಿ ಅಜ್ಜಿ ಸಂಚಿಕೆ ತರಿಸಿಕೊಂಡಳು. ಕಣ್ಣು ಮಂಜಾಗಿದೆ, ಓದಲಾಗುವುದಿಲ್ಲ. 'ನನ್ನ ಅಕ್ಕಿ ಕತೆ ಎಲ್ಲಿ ಹಾಕಿದ್ದೀ, ಓದು' ಎಂದಳು. ಹಾಸಿಗೆಯ ಪಕ್ಕ ಕೂತು ಇಡೀ ಪುಟ ಓದಿದೆ. ಬೆಲ್ಲದ ತುಂಡಿನ ಜಾಗದಲ್ಲಿ ತಲೆಯಾಡಿಸಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಚೆಂದ ಬರೆದಿದ್ದೀ. ಆದರೆ ಎರಡು ಮುಡಿ ಅಲ್ಲ, ಮೂರು' ಎಂದಳು.

ಫೋನಿನ ರೆಕಾರ್ಡ್ ಇನ್ನೂ ಇದೆ. ಅದರಲ್ಲಿ ಎರಡು ಎಂದೇ ಹೇಳಿದ್ದಾಳೆ.